ಮಧುಗಿರಿಯ ಅರ್ಜುನ್, ಮದ್ರಾಸಿನ 'ಜೈ ಹಿಂದ್'

ಪ್ರಿಯ ಓದುಗರೇ,

ಅರ್ಜುನ್ ಸರ್ಜಾ ಅವರ ತಮಿಳು ಸಿನಿಮಾ 'ಜೈ ಹಿಂದ್' (1994) ನೋಡಿ ನೀವು ಕಳಿಸಿದ ಪತ್ರ ತಲುಪಿತು. ಹಿಂದಿ ಬೇಡ ಎಂದು ಬೀದಿಗಿಳಿದ ತಮಿಳುನಾಡು ಈ ಹೆಸರಿನ ಸಿನಿಮಾವನ್ನು ಹೇಗೆ ಒಪ್ಪಿತು ಎಂದು ಕೇಳಿದ್ದೀರಿ. ಮಧುಗಿರಿ ಕಡೆಯ ಹುಡುಗ ಅಲ್ಲಿ ಹೋಗಿ ದೇಶದ ಹಾಡು ಹೇಳಿದ್ದು ಎರವಲು ಭಕ್ತಿ ಅಲ್ವಾ ಎಂದೂ ಕೇಳಿದ್ದೀರಿ. ಮಕ್ಕಳಿಗೆ ತೋರಿಸಬಹುದೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ.

1965ರ ಚಳವಳಿ ನಡೆದದ್ದು ಹಿಂದಿಯ ಹೇರಿಕೆ ವಿರುದ್ಧ. ಅದನ್ನು ದೇಶದ ಮೇಲಿನ ಸಿಟ್ಟು ಅಂದುಕೊಂಡರೆ ತಮಿಳರಿಗೆ ಅನ್ಯಾಯ ಮಾಡಿದಂತೆ. 'ಜೈ ಹಿಂದ್' ಸುಭಾಷರ ಆಜಾದ್ ಹಿಂದ್ ಫೌಜಿನ ವಂದನೆ. ಆ ಫೌಜಿನಲ್ಲಿ ಮಲಯಾದ (ಇಂದಿನ ಮಲೇಷ್ಯಾ) ರಬ್ಬರ್ ತೋಟಗಳಿಂದ ಬಂದ ತಮಿಳು ಕೂಲಿಗಳು ಎಷ್ಟೋ ಜನ ಇದ್ದರು. ಅದರ ಮಹಿಳಾ ದಳವಾದ ಝಾನ್ಸಿ ರಾಣಿ ರೆಜಿಮೆಂಟನ್ನು ನಡೆಸಿದ ಕ್ಯಾಪ್ಟನ್ ಲಕ್ಷ್ಮಿ ಮದ್ರಾಸಿನವರು. ಆ ಕೂಗು ತಮಿಳರಿಗೆ ಹೊಸದೇನಲ್ಲ.

ಇನ್ನು ಎರವಲಿನ ಮಾತು. ಈ ಸಿನಿಮಾದಲ್ಲಿ ಇವತ್ತಿಗೂ ಉಳಿದಿರುವುದು 'ತಾಯಿನ್ ಮಣಿಕ್ಕೊಡಿ' ಹಾಡು. ವಿದ್ಯಾಸಾಗರ್ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ. ಆದರೆ ಆ ಎರಡು ಪದ ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರದು. ತಾಯಿಯ ಬಾವುಟ ನೋಡಿ, ಬಾಗಿ ಕೈಮುಗಿಯಲು ಬನ್ನಿ ಎಂದು ಶುರುವಾಗುವ ಅವರ ಕವಿತೆಯನ್ನು ಒಮ್ಮೆ ಹುಡುಕಿ ಓದಿ. ಎತ್ತರದ ಕಂಬ, ಅದರ ತುದಿಯಲ್ಲಿ 'ವಂದೇ ಮಾತರಂ' ಎಂದು ಬರೆದ ಬಾವುಟ. ಭಾರತಿ ತೀರಿಕೊಂಡದ್ದು 1921ರಲ್ಲಿ. ನಾವು ಇಂದು ಹಾರಿಸುವ ಧ್ವಜ ಅವರ ಕಣ್ಣಿಗೆ ಬೀಳಲೇ ಇಲ್ಲ. ಆ ಕಂಬದ ಕೆಳಗೆ ಯಾರು ಯಾರು ನಿಂತಿದ್ದಾರೆ ಎಂದು ಅವರು ಒಬ್ಬೊಬ್ಬರನ್ನೇ ಕರೆಯುತ್ತಾ ಹೋಗುತ್ತಾರೆ. ತಮಿಳರು, ಚೇರನಾಡಿನ ವೀರರು, ತೆಲುಗರು. ಆಮೇಲೆ ತಾಯಿಯ ಪಾದಸೇವೆ ಮಾಡುವ ತುಳುವರು. ಅವರ ಹಿಂದೆಯೇ ಕನ್ನಡಿಗರು! ಆ ಸಾಲು ಓದಿದಾಗ ನನಗೆ ಮೈ ಜುಮ್ಮೆಂದಿತು. ಎಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ ಭಾರತಿ ನಮ್ಮನ್ನು ಆ ಬಾವುಟದ ಕೆಳಗೆ ನಿಲ್ಲಿಸಿ ಆಗಿತ್ತು. ಕನ್ನಡದ ನಟ ಶಕ್ತಿಪ್ರಸಾದರ ಮಗ ಅರ್ಜುನ್ ಅಲ್ಲಿ ಹೋಗಿ ನಿಂತದ್ದು ಎರವಲು ಹೇಗಾಗುತ್ತದೆ, ಹೇಳಿ?

ಸಿನಿಮಾ ಪೂರ್ತಿ ಅಷ್ಟೇ ಎತ್ತರದಲ್ಲಿದೆ ಎಂದು ನಾನು ಹೇಳುವುದಿಲ್ಲ. ರಂಜಿತಾ ಪಾತ್ರಕ್ಕೆ ಪ್ರೀತಿಸುವುದು ಬಿಟ್ಟರೆ ಜಾಸ್ತಿ ಕೆಲಸವಿಲ್ಲ. ಗೌಂಡಮಣಿ–ಸೆಂದಿಲ್ ಹಾಸ್ಯ ಬಂದಾಗಲೆಲ್ಲ ಕಥೆ ನಿಂತುಬಿಡುತ್ತದೆ. ಖಳರು ಬರೀ ಕೆಟ್ಟವರು, ಅಷ್ಟೇ. ಆದರೂ ಅರ್ಜುನ್ ನಿರ್ದೇಶನದಲ್ಲಿ ಒಂದು ಹಟ ಇದೆ. ಹಿಂದಿನ ವರ್ಷವಷ್ಟೇ ಅವರು ನಾಯಕನಾಗಿದ್ದ 'ಜಂಟಲ್‌ಮನ್' ದೊಡ್ಡ ಯಶಸ್ಸು ಕಂಡಿತ್ತು. ಆ ಬಲದಲ್ಲಿ ಸುಮ್ನೆ ಇನ್ನೊಂದು ಪ್ರೇಮಕಥೆ ಮಾಡಿಕೊಂಡು ಇರಬಹುದಿತ್ತು. ಅವರು ಭಯೋತ್ಪಾದಕರ ವಿರುದ್ಧ ನಿಲ್ಲುವ ಭರತ್ ಎಂಬ ಪೊಲೀಸ್ ಅಧಿಕಾರಿಯ ಕಥೆ ಬರೆದರು, ತಾವೇ ನಿರ್ದೇಶಿಸಿದರು. ಕಾಲವನ್ನೂ ನೆನಪಿಡಿ. 1991ರಲ್ಲಿ ರಾಜೀವ್ ಗಾಂಧಿಯವರನ್ನು ಬಲಿತೆಗೆದುಕೊಂಡ ಶ್ರೀಪೆರಂಬುದೂರಿನ ಸ್ಫೋಟ, 1993ರಲ್ಲಿ ಮುಂಬೈ ಸ್ಫೋಟಗಳು. ಬಾಂಬ್ ಎಂದರೆ ಜನರಿಗೆ ಆಗ ಪತ್ರಿಕೆಯ ಮುಖಪುಟದ ಸುದ್ದಿ. ಭರತ್‌ನ ಸಿಟ್ಟು ಅವರಿಗೆ ತಮ್ಮದೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಕನ್ನಡದಲ್ಲಿ ಯಾಕೆ ಮಾಡಲಿಲ್ಲ ಎಂದು ಬೇಸರ ಬೇಡ. 2014ರಲ್ಲಿ 'ಜೈ ಹಿಂದ್ 2' ತೆಗೆದಾಗ ಕನ್ನಡದಲ್ಲೂ 'ಅಭಿಮನ್ಯು' ಹೆಸರಲ್ಲಿ ತಂದರು. ಅಲ್ಲಿ ಶತ್ರು ಭಯೋತ್ಪಾದಕನಲ್ಲ, ಶಿಕ್ಷಣವನ್ನು ವ್ಯಾಪಾರ ಮಾಡಿಕೊಂಡವರು.

ಮಕ್ಕಳ ವಿಷಯ. ಹಾಡನ್ನು ಧಾರಾಳವಾಗಿ ಕೇಳಿಸಿ. ಹೊಡೆದಾಟ, ರಕ್ತ ಜಾಸ್ತಿ ಇರುವುದರಿಂದ ತೀರಾ ಚಿಕ್ಕವರಿಗೆ ಇಡೀ ಸಿನಿಮಾ ಬೇಡ. ಹೈಸ್ಕೂಲಿನವರಾದರೆ ಜೊತೆಗೆ ಕೂತು ನೋಡಿ, ಭಾರತಿಯ ಕವಿತೆಯನ್ನೂ ಓದಿ ಹೇಳಿ.

– ಸಂಪಾದಕ