ಜೂಟೆಮೆಲ್ಕ್ ಗೆದ್ದದ್ದು ಬರೀ ಅದೃಷ್ಟದಿಂದಲ್ಲ

ಪ್ರಿಯ ಓದುಗರೇ,

ಡಚ್ ಸೈಕ್ಲಿಸ್ಟ್ ಯೋಪ್ ಜೂಟೆಮೆಲ್ಕ್ ಬಗ್ಗೆ ನಾವು ಬರೆದದ್ದು ನಿಮಗೆ ಹಿಡಿಸಿಲ್ಲ. "ಫ್ರಾನ್ಸಿನ ಮೂರು ವಾರದ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನಲ್ಲಿ ಆರು ಸಲ ಎರಡನೇ ಸ್ಥಾನಕ್ಕೆ ನಿಂತವರು. 1980ರ ಟೂರ್‌ನಲ್ಲಿ ಮುಂದಿದ್ದ ಬರ್ನಾರ್ ಇನೋ ಮಂಡಿನೋವಿಂದ ಬಿಟ್ಟು ಹೋಗದಿದ್ದರೆ ಅದನ್ನೂ ಗೆಲ್ಲುತ್ತಿರಲಿಲ್ಲ, ಇಷ್ಟು ಹೊಗಳಿಕೆ ಯಾಕೆ?" ಅಂತ ಕೇಳಿದ್ದೀರಿ.

ನಾನು ಒಪ್ಪುವುದಿಲ್ಲ. ಇನೋ ಪೋ ಊರಿನಲ್ಲಿ ರಾತ್ರಿ ರೇಸ್ ಬಿಟ್ಟಾಗ ಇಬ್ಬರ ನಡುವೆ ಇದ್ದದ್ದು ಬರೀ 21 ಸೆಕೆಂಡು. ಅದರ ಹಿಂದಿನ ದಿನದ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಹಂತ) ಗೆದ್ದವರು ಜೂಟೆಮೆಲ್ಕ್. ಇನೋ ಬಿಟ್ಟ ಮಾರನೇ ದಿನ, ಒಟ್ಟು ಸಮಯದಲ್ಲಿ ಮುಂದಿರುವವರು ಹಾಕುವ ಹಳದಿ ಜೆರ್ಸಿ ಅವರದೇ ಆಗಿತ್ತು, ಆದರೆ ಇನೋ ಮೇಲಿನ ಗೌರವಕ್ಕೆ ಅವತ್ತು ಅದನ್ನು ಹಾಕಿಕೊಳ್ಳಲೇ ಇಲ್ಲ. ಆಮೇಲೆ ಆಲ್ಪ್ಸ್‌ನಲ್ಲಿ ಮುಂದಿದ್ದ ತಮ್ಮ ತಂಡದವನೇ ಬಿದ್ದು, ಇವರೂ ಉರುಳಿ ಮೈ ಕೆತ್ತಿಸಿಕೊಂಡರು. ಆದರೂ ಪ್ಯಾರಿಸ್‌ಗೆ ಬಂದಾಗ ಎರಡನೆಯವರಿಗಿಂತ ಸುಮಾರು 7 ನಿಮಿಷ ಮುಂದಿದ್ದರು. ಮೂರು ವಾರದ ರೇಸಿನಲ್ಲಿ ಮಂಡಿ ತಡೆದುಕೊಳ್ಳುವುದೂ ಸೈಕಲ್ ತುಳಿಯುವುದರ ಭಾಗವೇ ಅಲ್ವಾ?

ಅವರು 16 ಟೂರ್‌ಗಳಲ್ಲಿ ಓಡಿದರು, ಹದಿನಾರನ್ನೂ ಮುಗಿಸಿದರು. ಮೊದಲ ಸಲ, 1970ರಲ್ಲೇ, ಆ ಕಾಲದ ದಿಗ್ಗಜ ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ ಹಿಂದೆ ಎರಡನೆಯವರು. ಮೆರ್ಕ್ಸ್ ನೆರಳಲ್ಲೇ ಇರುತ್ತಾರೆ, ಅದಕ್ಕೇ ಇವರಿಗೆ ಬಿಸಿಲು ತಾಗಲ್ಲ ಅಂತ ಆಗ ಜನ ಆಡಿಕೊಳ್ಳುತ್ತಿದ್ದರು. ಆ ಮಾತು ನನಗೆ ಈಗಲೂ ಬೇಜಾರು ತರಿಸುತ್ತದೆ, ಯಾಕೆಂದರೆ ಆ ಕಾಲದಲ್ಲಿ ಮೆರ್ಕ್ಸ್ ಚಕ್ರಕ್ಕೆ ಅಂಟಿಕೊಂಡು ಉಳಿಯುವುದೇ ಎಷ್ಟು ಜನರಿಂದ ಆಗುತ್ತಿತ್ತು ಹೇಳಿ. 1974ರಲ್ಲಿ ಮಿಡಿ ಲಿಬ್ರ್ ರೇಸಿನಲ್ಲಿ ನಿಂತಿದ್ದ ಕಾರಿಗೆ ಗುದ್ದಿ ಜೂಟೆಮೆಲ್ಕ್ ತಲೆಬುರುಡೆ ಬಿರುಕುಬಿಟ್ಟಿತು. ಆಮೇಲೆ ಮೆದುಳಿನ ಪೊರೆಗೆ ಸೋಂಕು ತಗುಲಿ ಸಾವಿನ ಹತ್ತಿರ ಹೋಗಿ ಬಂದರು. 1975ರ ಟೂರ್‌ನಲ್ಲಿ ನಾಲ್ಕನೆಯವರಾದರು! ಹಾಗೆ ಎದ್ದು ಬಂದವರನ್ನು ಸುಮ್ನೆ ಅದೃಷ್ಟವಂತ ಅನ್ನೋದಕ್ಕೆ ನನಗೆ ಬಾಯಿ ಬರುವುದಿಲ್ಲ.

1979ರ ಟೂರ್‌ನಲ್ಲಿ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 10 ನಿಮಿಷದ ದಂಡ ತೆತ್ತದ್ದನ್ನು ನಾವು ಬರೆಯಬೇಕಿತ್ತು, ಬರೆಯಲಿಲ್ಲ. ಅದು ನಮ್ಮ ತಪ್ಪು, ಅವರ ತಪ್ಪು ಅವರದು.

ಆದರೆ 1985ರ ವಿಶ್ವ ಚಾಂಪಿಯನ್‌ಷಿಪ್ ಒಮ್ಮೆ ನೋಡಿ. ಊರು ಇಟಲಿಯ ಜಾವೆರಾ ದೆಲ್ ಮೊಂತೆಲ್ಲೊ, ಇವರಿಗೆ 38 ವರ್ಷ. ಕೊನೆಯ ಗುಂಪಿನಲ್ಲಿ ಗ್ರೆಗ್ ಲೆಮಾಂಡ್, ಮೊರೆನೊ ಅರ್ಜೆಂಟಿನ್ ಥರದ, ಕೊನೆಯ ವೇಗದ ಓಟ (ಸ್ಪ್ರಿಂಟ್) ಬಲ್ಲವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಇವರು ಸದ್ದಿಲ್ಲದೆ ಮುಂದೆ ಹೊರಟರು. ಯಾರೂ ಬೆನ್ನು ಹತ್ತಲಿಲ್ಲ. ಇವರೇ ಗೆದ್ದರು, ಲೆಮಾಂಡ್ ಎರಡನೆಯವರಾದರು.

— ಸಂಪಾದಕ