ಚಪ್ಪಾಳೆಗೆ ಪಳಗಿದ ಕಾಲು

(ಗುರುತು ಸಿಗದಂತೆ ಹೆಸರು, ವಯಸ್ಸು, ಊರು ಬದಲಿಸಿದ್ದೇನೆ. ಹುಡುಗಿ, ಅವಳ ತಂದೆ, ಕೋಚ್ ಮೂವರೂ ಒಪ್ಪಿದ ಮೇಲೆ ಬರೆದದ್ದು.)

ಗಂಗಾ ಅನ್ನೋಣ. 17 ವರ್ಷ, ದ್ವಿತೀಯ ಪಿಯುಸಿ, ಉತ್ತರ ಕರ್ನಾಟಕದ ಒಂದು ಕ್ರೀಡಾ ಹಾಸ್ಟೆಲಿನಲ್ಲಿದ್ದು 100 ಮೀಟರ್ ಓಡುತ್ತಾಳೆ. ತಂದೆಯ ಜೊತೆ ಆಪ್ತಸಲಹೆಗೆಂದು ನನ್ನ ಬಳಿ ಬಂದವಳು ಕುರ್ಚಿಯ ತುದಿಯಲ್ಲಿ ಕೂತಳು. ಎಡಗೈಗೆ ಕರಿದಾರ. ಮಾತು ಶುರು ಮಾಡಿದ್ದು ತಂದೆ.

"ಮೇಡಮ್ಮರ, ಗಾಳಿ ಓಡಿದಂಗ ಓಡ್ತಿದ್ಲರಿ ಹುಡುಗಿ. ಈಗ ಎಲ್ಲಾರೂ ಹೋದ ಮ್ಯಾಲೆ ಏಳ್ತಾಳ. ಯಾರದೋ ಕಣ್ಣ ಬಿದ್ದೈತಿ."

ಅವರನ್ನು ಹೊರಗೆ ಕೂರಿಸಿದ ಮೇಲೆ ಅವಳು ಹೇಳಿದ್ದು ಎರಡೇ ಮಾತು: "ಸೆಟ್ ಅಂದ ಕೂಡ್ಲೆ ತೊಡಿ ಕಲ್ಲಾಗ್ತಾವ್ರಿ. ಸದ್ದು ಕೇಳ್ತೈತಿ, ಏಳ ಅಂತ ನಾನ ಹೇಳ್ಕೋತೀನಿ, ಕಾಲು ಕೇಳೂದಿಲ್ಲ." ಓಟದ ಗೆರೆಯಲ್ಲಿ 'ಸೆಟ್' ಅಂದರೆ ಸೊಂಟ ಎತ್ತಿ ಅಲ್ಲಾಡದೆ ಕಾಯಬೇಕು, ಗನ್ ಸದ್ದಾದ ಮೇಲೆ ಏಳಬೇಕು.

ಎಂಟು ತಿಂಗಳ ಹಿಂದೆ ಒಂದು ಕೂಟದ ಸೆಮಿಫೈನಲ್‌ನಲ್ಲಿ ಅವಳು ಸದ್ದಿಗಿಂತ ಮೊದಲೇ ಎದ್ದಿದ್ದಳು. ಈಗಿನ ನಿಯಮ ಕಟ್ಟುನಿಟ್ಟು. 2010ರಿಂದ ಓಟದಲ್ಲಿ ಒಂದೇ ಒಂದು ಫಾಲ್ಸ್ ಸ್ಟಾರ್ಟ್ ಆದರೂ ಹೊರಗೆ. 2011ರಲ್ಲಿ ದಕ್ಷಿಣ ಕೊರಿಯಾದ ದೇಗು ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್‌ನಿಂದ ಉಸೇನ್ ಬೋಲ್ಟ್ ಅವರನ್ನೇ ಹೊರಗೆ ಕಳಿಸಿದ ನಿಯಮ ಇದು. ಗಂಗಾಗೆ ಹೊರಗೆ ಕಳಿಸುವ ಕೆಂಪು-ಕಪ್ಪು ಕಾರ್ಡ್ ಬಿತ್ತು. ಆ ಸಂಜೆ ಹಾಸ್ಟೆಲಿಗೆ ಮರಳಿದ ಮೇಲೆ ಕೋಚ್ ಅವಳನ್ನು ಮೈದಾನದ ಅಂಚಿಗೆ ನಿಲ್ಲಿಸಿ, ಉಳಿದ ಹುಡುಗಿಯರಿಗೆಲ್ಲ ಹತ್ತು ಸುತ್ತು ಓಡಿಸಿದರು. ತಪ್ಪು ಅವಳದು, ಸುತ್ತು ಅವರದು. ಎರಡು ದಿನ ಅವಳ ಜೊತೆ ಯಾರೂ ಮಾತಾಡಲಿಲ್ಲ.

ನಿದ್ದೆ, ಊಟ, ಮುಟ್ಟು, ಓದು, ಸಾಯಬೇಕೆನ್ನುವ ಯೋಚನೆ, ಎಲ್ಲ ಕೇಳಿ ನೋಡಿದೆ. ತೊಂದರೆ ಇದ್ದದ್ದು ಓಟ ಶುರುವಾಗುವ ಆ ಗೆರೆಯ ಮೇಲೆ ಮಾತ್ರ. ಭಯ ಅಂದುಕೊಂಡು ಉಸಿರಾಟ ಹೇಳಿಕೊಟ್ಟು ಕಳಿಸಿದೆ. ಎರಡನೇ ಭೇಟಿಯವರೆಗೂ ನಾನು ಅದೇ ದಾರಿಯಲ್ಲಿದ್ದೆ. ಆಮೇಲೆ ಒಂದು ಪ್ರಶ್ನೆ ಕೊರೆಯತೊಡಗಿತು: ಭಯವೇ ಇಲ್ಲದ ಕಾಲದಲ್ಲಿ, ಮೊದಲ ಸಲ, ಇವಳು ಬೇಗ ಎದ್ದದ್ದಾದರೂ ಏಕೆ?

ಮೈದಾನಕ್ಕೇ ಹೋದೆ. ಅಲ್ಲಿ ಗನ್ ಇರಲಿಲ್ಲ. ಕೋಚ್ "ಆನ್ ಯುವರ್ ಮಾರ್ಕ್ಸ್... ಸೆಟ್" ಅಂದು ಚಪ್ಪಾಳೆ ತಟ್ಟುತ್ತಿದ್ದರು. ಅವರನ್ನು ಕೇಳಿಯೇ ಮೊಬೈಲಿನಲ್ಲಿ 20 ಸ್ಟಾರ್ಟ್ ರೆಕಾರ್ಡ್ ಮಾಡಿಕೊಂಡೆ. ಸೆಟ್ ಅನ್ನುವುದಕ್ಕೂ ಚಪ್ಪಾಳೆಗೂ ನಡುವಿನ ಅಂತರ ಹೆಚ್ಚುಕಮ್ಮಿ ಒಂದೇ, ತಾಳ ಹಾಕಿದ ಹಾಗೆ. ಪಕ್ಕದಲ್ಲಿ ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ ಒಬ್ಬ ಹುಡುಗಿ ಪ್ರತಿ ಸಲವೂ ಚಪ್ಪಾಳೆಗೆ ಒಂದು ಕ್ಷಣ ಮೊದಲು ತಲೆ ಎತ್ತುತ್ತಿದ್ದಳು. ನನಗೆ ಬೇಕಾದ ಉತ್ತರ ಅವಳೇ ಕೊಟ್ಟಳು.

ರಷ್ಯಾದ ವಿಜ್ಞಾನಿ ಪಾವ್ಲೋವ್ ಅಂದರೆ ನಮಗೆಲ್ಲ ನೆನಪಾಗುವುದು ನಾಯಿ, ಗಂಟೆ, ಜೊಲ್ಲು: ಊಟಕ್ಕೆ ಮೊದಲು ಸದ್ದು ಕೇಳಿ ಕೇಳಿ, ಕೊನೆಗೆ ಬರೀ ಸದ್ದಿಗೇ ಜೊಲ್ಲು ಸುರಿಸಿದ ನಾಯಿ. ಅವರ ಪ್ರಯೋಗಶಾಲೆಯಲ್ಲಿ ಗಂಟೆಗಿಂತ ಹೆಚ್ಚು ಬಳಕೆಯಲ್ಲಿದ್ದದ್ದು ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮ್‌ನಂಥ ಸಾಧನಗಳು. ಅಲ್ಲಿ ನಡೆದ ಇನ್ನೊಂದು ಪ್ರಯೋಗ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಯಾವ ಸದ್ದೂ ಮಾಡದೆ ಅರ್ಧ ಗಂಟೆಗೊಮ್ಮೆ ನಾಯಿಗೆ ಊಟ ಹಾಕುತ್ತ ಹೋದರು. ಕೆಲವು ದಿನಗಳ ಮೇಲೆ ಊಟ ಇಡದಿದ್ದರೂ ಅರ್ಧ ಗಂಟೆ ತುಂಬುವ ಹೊತ್ತಿಗೆ ಜೊಲ್ಲು ಬಂತು. ಹೊತ್ತೇ ಅದಕ್ಕೆ ಸೂಚನೆಯಾಗಿತ್ತು.

ಗಂಗಾಳ ಕಾಲು ಕಲಿತದ್ದೂ ಹೊತ್ತನ್ನೇ, ಸದ್ದನ್ನಲ್ಲ. ಕೂಟದ ಸ್ಟಾರ್ಟರ್‌ಗೆ ನಮ್ಮ ತಾಳ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಎಲ್ಲರೂ ಅಲ್ಲಾಡದೆ ನಿಲ್ಲುವವರೆಗೆ ಕಾದು ಗನ್ ಹಾರಿಸುತ್ತಾರೆ. ಅವತ್ತು ಅವರು ಒಂದು ಗಳಿಗೆ ಹೆಚ್ಚು ಕಾದರು. ಇವಳ ಕಾಲು ಕಲಿತಂತೆ ಎದ್ದಿತು. ಸದ್ದಾದ ಮೇಲೆ 0.1 ಸೆಕೆಂಡಿನೊಳಗೆ ಕದಲಿದರೂ ಫಾಲ್ಸ್ ಸ್ಟಾರ್ಟ್ ಎಂದು ಲೆಕ್ಕ ಹಾಕುವ ಆಟದಲ್ಲಿ, ಸದ್ದೇ ಆಗುವ ಮೊದಲು ಎದ್ದವಳಿಗೆ ಉಳಿಗಾಲ ಎಲ್ಲಿಯದು.

ಅದರ ಮೇಲೆ ಆ ಹತ್ತು ಸುತ್ತು. ಕೋಚ್ ಕಲಿಸಬೇಕೆಂದುಕೊಂಡದ್ದು 'ಸದ್ದಿಗೆ ಕಾಯಿ' ಎಂದು. ಮೈ ಕಲಿತದ್ದು ಬೇರೆ: ಸೆಟ್ ಅಂದರೆ ಅಪಾಯ, ಎಲ್ಲರೂ ಎದ್ದ ಮೇಲೆ ಎದ್ದರೆ ಯಾರೂ ಬೈಯುವುದಿಲ್ಲ. ಶಿಕ್ಷೆಗೆ ಏನು ಮಾಡಬಾರದು ಎಂದು ಹೇಳಲು ಬರುತ್ತದೆ, ಏನು ಮಾಡಬೇಕು ಎಂದು ತೋರಿಸಲು ಬರುವುದಿಲ್ಲ. ಅವಳ ಮೈ ಕಲಿತದ್ದನ್ನೇ ಮಾಡಿತು, ಎರಡು ಸಲವೂ: ಮೊದಲು ಬೇಗ ಎದ್ದಾಗ, ಆಮೇಲೆ ಕಲ್ಲಾದಾಗ.

ಇದನ್ನು ಕೋಚ್‌ಗೆ ಹೇಳುವುದೇ ಕಷ್ಟದ ಕೆಲಸವಾಗಿತ್ತು. "ನಾವೂ ಏಟು ತಿಂದ ಕಲ್ತೇವ್ರಿ ಮೇಡಂ" ಅಂದರು. ವಾದ ಮಾಡಲಿಲ್ಲ. ರೆಕಾರ್ಡ್ ಹಾಕಿ, ಸೆಟ್ ಅಂದ ಮೇಲೆ ಕಣ್ಣು ಮುಚ್ಚಿ ನೀವೇ ಚಪ್ಪಾಳೆ ತಟ್ಟಿ ಅಂದೆ. ನಾಲ್ಕನೆಯದಕ್ಕೆ ಅವರ ಕೈ ಮತ್ತು ರೆಕಾರ್ಡಿನ ಚಪ್ಪಾಳೆ ಒಟ್ಟಿಗೇ ಬಿದ್ದವು. ನಕ್ಕುಬಿಟ್ಟರು. ಆ ನಗು ಬರದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಅವರಿಗೆ ಕೊಟ್ಟ ಸಲಹೆ: ಚಪ್ಪಾಳೆ ನೀವೊಬ್ಬರೇ ತಟ್ಟಬೇಡಿ, ದಿನಕ್ಕೊಬ್ಬರು ತಟ್ಟಲಿ. ಅಂತರ ಒಮ್ಮೆ ಗಿಡ್ಡ, ಒಮ್ಮೆ ಉದ್ದ ಇರಲಿ. ಆಗೀಗ ಸದ್ದೇ ಮಾಡದೆ ಎದ್ದು ನಿಲ್ಲಿ ಅನ್ನಿ, ಅಲ್ಲಾಡದೆ ಉಳಿದವರನ್ನು ಅಲ್ಲಿಯೇ ಹೊಗಳಿ. ಯಾರಾದರೂ ಬೇಗ ಎದ್ದರೆ ಮಾತಿಲ್ಲದೆ ಮತ್ತೆ ಶುರು ಮಾಡಿ. ಒಬ್ಬರ ತಪ್ಪಿಗೆ ಎಲ್ಲರಿಗೂ ಸುತ್ತು ಹಾಕಿಸುವುದು ಇನ್ನು ಬೇಡವೇ ಬೇಡ. ಇದೊಂದರಲ್ಲಿ ನಾನು ಬಿಗಿಯಾಗಿಯೇ ಇದ್ದೆ.

ಗಂಗಾಗೆ ಬೇರೆ ದಾರಿ ಬೇಕಿತ್ತು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ, ಮೊಲ ಕಂಡರೆ ಚೀರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಪ್ರಕರಣ ಪ್ರಕಟಿಸಿದರು. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು, ಕೊನೆಗೆ ಅವನೇ ಮುಟ್ಟುವಂತೆ ಮಾಡಿದ್ದರು. ನಮ್ಮ ಮೊಲ 'ಸೆಟ್' ಎಂಬ ಮಾತು. ಅದನ್ನು ಮೈದಾನದಿಂದ ಹಾಸ್ಟೆಲಿನ ಅಂಗಳಕ್ಕೆ ತಂದೆವು. ಇಬ್ಬರು ಹುಡುಗಿಯರು, ನಡುವೆ ಒಂದು ಟವೆಲ್. ಸೆಟ್ ಅಂದು ಚಪ್ಪಾಳೆ ತಟ್ಟಿದಾಗ ಕಸಿದುಕೊಂಡವರಿಗೆ ಶೇಂಗಾ ಚಿಕ್ಕಿ. ಚಪ್ಪಾಳೆ ಹಾಸ್ಟೆಲಿನ ಅಡುಗೆ ಅಕ್ಕನದು. ಆಕೆಗೆ ತಾಳವೇ ಇಲ್ಲ, ನಮಗೆ ಬೇಕಾದದ್ದೂ ಅದೇ. ಒಂದು ವಾರ ಬರೀ ಇದು. ಆಮೇಲೆ ಮಣ್ಣಿನಲ್ಲಿ ನಿಂತು ಓಡುವುದು, ಬಗ್ಗಿ ಓಡುವುದು, ಕಾಲು ಊರಿ ಏಳುವ ಸ್ಟಾರ್ಟಿಂಗ್ ಬ್ಲಾಕ್, ಎರಡು ಹಲಗೆ ಬಡಿದು ಸದ್ದು ಮಾಡುವ ಮರದ ಕ್ಲಾಪರ್. ತೊಡೆ ಬಿಗಿದರೆ ಅವತ್ತು ಒಂದು ಮೆಟ್ಟಿಲು ಕೆಳಗಿಳಿದು, ಅಲ್ಲಿ ಚೆನ್ನಾಗಿ ಆದದ್ದರ ಮೇಲೆಯೇ ದಿನ ಮುಗಿಸಬೇಕು ಎಂದು ಹೇಳಿದ್ದೆ.

ತಂದೆಯ ಕರಿದಾರದ ಸುದ್ದಿಗೆ ನಾನು ಹೋಗಲಿಲ್ಲ. ಕೇಳಿಕೊಂಡದ್ದು ಒಂದೇ: ದಿನಾ ಸಂಜೆ ಫೋನಿನಲ್ಲಿ "ಇವತ್ತ ಎಷ್ಟನೇದ ಬಂದಿ?" ಅನ್ನುವುದನ್ನು ಬಿಟ್ಟು "ಏನ ಉಂಡಿ?" ಅನ್ನಿ. ಮೂರು ದಿನ ಮರೆತರಂತೆ, ಆಮೇಲೆ ರೂಢಿಯಾಯಿತಂತೆ.

ಆರನೇ ವಾರಕ್ಕೆ ಕ್ಲಾಪರ್‌ಗೆ ಸಲೀಸಾಗಿ ಏಳುತ್ತಿದ್ದಳು. ದಸರಾ ರಜೆಗೆ ಊರಿಗೆ ಹೋಗಿ ಬಂದ ಮೊದಲ ದಿನವೇ ತೊಡೆ ಮತ್ತೆ ಕಲ್ಲಾಯಿತು. ಕೋಚ್ ಗಾಬರಿಯಾಗಿ ಫೋನ್ ಮಾಡಿದರು. ಇಲ್ಲಿ ತಪ್ಪು ನನ್ನದು. ಒಮ್ಮೆ ನಿಂತುಹೋದ ಪ್ರತಿಕ್ರಿಯೆ ಬಿಡುವಿನ ನಂತರ ತಾನಾಗಿ ಮರಳುವುದನ್ನು ಪಾವ್ಲೋವ್ ಅವರೇ ಕಂಡು ಬರೆದಿದ್ದರು. ರಜೆಗೆ ಮೊದಲೇ ಇದನ್ನು ಮೂವರಿಗೂ ಹೇಳಬೇಕಿತ್ತು, ಹೇಳಿರಲಿಲ್ಲ. ಮತ್ತೆ ಟವೆಲಿನಿಂದ ಶುರು ಮಾಡಿದೆವು. ಈ ಸಲ ನಾಲ್ಕೇ ದಿನ ಹಿಡಿಯಿತು.

ಮುಂದಿನ ಕೂಟದಲ್ಲಿ ಅವಳು ಫೈನಲ್‌ಗೆ ಮುಂಚಿನ ಅರ್ಹತಾ ಓಟದಲ್ಲಿ, ಅಂದರೆ ತನ್ನ ಹೀಟ್‌ನಲ್ಲಿ ಮೂರನೆಯವಳಾದಳು, ಫೈನಲ್ ತಲುಪಲಿಲ್ಲ. ಎಂಟು ಜನರಲ್ಲಿ ನಡುವೆ ಎದ್ದಳೆಂದು ಕೋಚ್ ವಿಡಿಯೊ ಕಳಿಸಿದ್ದಾರೆ. ಗನ್ ಸದ್ದಿಗೆ ಭುಜ ಇನ್ನೂ ಸ್ವಲ್ಪ ಬೆಚ್ಚುತ್ತದೆ. ಅದರ ಮೇಲೆ ಕೆಲಸ ನಡೆದಿದೆ. ಭೇಟಿಯನ್ನು ತಿಂಗಳಿಗೊಂದಕ್ಕೆ ಇಳಿಸಿದ್ದೇವೆ.