ಓದುಗರ ಪ್ರಶ್ನೆಗೆ ಉತ್ತರ: ಕಟ್ಟಡದಲ್ಲಿ ಸೆನ್ಸರ್ ದೀಪಗಳು

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಓದುಗರಿಂದ ಜನರ ಓಡಾಟ ಗುರುತಿಸಿ ತಾವಾಗಿಯೇ ಹತ್ತಿ ಆರುವ ಸೆನ್ಸರ್ ದೀಪಗಳ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ಮೊದಲನೆಯ ಪ್ರಶ್ನೆ ಈ ಭಾಗದ ಬಿಸಿಲಿಗೆ ನೇರವಾಗಿ ಸಂಬಂಧಿಸಿದ್ದರಿಂದ ಅದಕ್ಕೆ ವಿವರವಾಗಿಯೇ ಉತ್ತರಿಸಬೇಕಾಯಿತು.

ಪ್ರಶ್ನೆ: ನಾವು ನಡೆಸುವ ವಾಚನಾಲಯದ ದೊಡ್ಡ ಕೊಠಡಿಗೆ ಚಾವಣಿ ಸೆನ್ಸರ್ ಹಾಕಿಸಿದ್ದೇವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಕುಳಿತಿರುವಾಗಲೇ ದೀಪ ಆರುತ್ತದೆ, ಯಾರಾದರೂ ಎದ್ದು ಕೈ ಬೀಸಿದರೆ ಮತ್ತೆ ಹತ್ತುತ್ತದೆ. ಚಳಿಗಾಲದಲ್ಲಿ ಇಷ್ಟು ತೊಂದರೆ ಇರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಿಪರೀತವಾಗಿದೆ. ಸೆನ್ಸರ್ ಕೆಟ್ಟಿದೆಯೇ?
— ಓದುಗರೊಬ್ಬರು, ರಾಯಚೂರು

ಉತ್ತರ: ಮಾನ್ಯರೆ, ಸೆನ್ಸರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಚಾವಣಿಗೆ ಹಾಕುವ ಅಗ್ಗದ ಸೆನ್ಸರುಗಳಲ್ಲಿ ಹೆಚ್ಚಿನವು ಪಿಐಆರ್ ಬಗೆಯವು. ಅವು ಮನುಷ್ಯನನ್ನು ನೋಡುವುದಿಲ್ಲ; ಮೈಯಿಂದ ಹೊರಡುವ ಶಾಖಕಿರಣಕ್ಕೂ ಹಿಂದಿನ ಗೋಡೆ, ನೆಲಗಳಿಂದ ಹೊರಡುವ ಶಾಖಕಿರಣಕ್ಕೂ ಇರುವ ವ್ಯತ್ಯಾಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದನ್ನು ಮಾತ್ರ ಗುರುತಿಸುತ್ತವೆ. ನಮ್ಮ ಚರ್ಮದ ಮೇಲ್ಮೈಯ ಉಷ್ಣತೆ ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್. ಡಿಸೆಂಬರಿನಲ್ಲಿ ಗೋಡೆ 24 ಡಿಗ್ರಿ ಇದ್ದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹೊರಗೆ 40 ಡಿಗ್ರಿ ದಾಟಿ, ಚಾವಣಿಯ ಸ್ಲ್ಯಾಬು ಕಾದು, ಎ.ಸಿ. ಇಲ್ಲದ ಕೊಠಡಿಯ ಗೋಡೆಯೂ ಮೈಯಷ್ಟೇ ಬಿಸಿಯಾದಾಗ, ಸೆನ್ಸರಿನ ಪಾಲಿಗೆ ಓದುತ್ತಿರುವ ಹುಡುಗನೂ ಅವನ ಹಿಂದಿನ ಗೋಡೆಯೂ ಒಂದೇ ಆಗಿಬಿಡುತ್ತವೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಈ ಸೆನ್ಸರಿಗೆ ಅತ್ಯಂತ ಕಠಿಣವಾದ ಹೊತ್ತು.

ಎರಡನೆಯ ಕಾರಣ, ಓದುವವರು ಅಲುಗಾಡುವುದಿಲ್ಲ. ಸೆನ್ಸರಿನ ಮುಂದಿರುವ ಬಿಳಿ ಪ್ಲಾಸ್ಟಿಕ್ ಗುಮ್ಮಟವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಸಣ್ಣ ಸಣ್ಣ ಚೌಕಗಳು ಕಾಣುತ್ತವೆ. ಒಂದೊಂದು ಚೌಕವೂ ಕೊಠಡಿಯ ಒಂದೊಂದು ತುಂಡನ್ನು ನೋಡುವ ಮಸೂರ. ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವ ಚಲನೆ ಮಾತ್ರ ಅದಕ್ಕೆ ತಿಳಿಯುತ್ತದೆ. ಸೆನ್ಸರಿನಿಂದ ದೂರ ಹೋದಷ್ಟೂ ಈ ತುಂಡುಗಳು ಅಗಲವಾಗುವುದರಿಂದ, ನಡೆದು ಹೋಗುವವನು ಸಿಕ್ಕಿಬೀಳುತ್ತಾನೆ, ಪುಟ ಮಗುಚುವವನು ಸಿಗುವುದಿಲ್ಲ. ಒಳ್ಳೆಯ ಕಂಪನಿಗಳ ಕೈಪಿಡಿಯಲ್ಲಿ ನಡೆಯುವವರಿಗೆ ಒಂದು ವ್ಯಾಪ್ತಿ, ಕುಳಿತವರಿಗೆ ಅದಕ್ಕಿಂತ ಚಿಕ್ಕದಾದ ಇನ್ನೊಂದು ವ್ಯಾಪ್ತಿ ಎಂದು ಎರಡು ಅಳತೆ ಕೊಟ್ಟಿರುತ್ತಾರೆ. ಮಾರುವವರು ಹೇಳುವುದು ಸಾಮಾನ್ಯವಾಗಿ ಮೊದಲನೆಯದನ್ನು.

ಈಗ ಮಾಡಬಹುದಾದದ್ದು ಇಷ್ಟು. ಕೊಠಡಿಯ ಮುಖ್ಯ ಸ್ವಿಚ್ಚು ಆರಿಸಿ, ಎಲೆಕ್ಟ್ರಿಷಿಯನ್ನರಿಂದ ಸೆನ್ಸರನ್ನು ಬಿಚ್ಚಿಸಿ ನೋಡಿ. ಹಲವು ಮಾದರಿಗಳಲ್ಲಿ ತಿರುಗಿಸುವ ಮೂರು ಪುಟ್ಟ ತಿರುಪುಗಳಿರುತ್ತವೆ: ಒಂದು ಸಮಯಕ್ಕೆ, ಒಂದು ಬೆಳಕಿನ ಮಟ್ಟಕ್ಕೆ, ಒಂದು ಸೂಕ್ಷ್ಮತೆಗೆ. ಪರೀಕ್ಷೆಗೆಂದು ಸಮಯವನ್ನು ಕೆಲವೇ ಸೆಕೆಂಡುಗಳಿಗೆ ಇಟ್ಟು, ಹಾಗೆಯೇ ಬಿಟ್ಟು ಹೋಗುವುದು ಬಹಳ ಕಡೆ ನಡೆಯುತ್ತದೆ. ಅದನ್ನು 15 ಅಥವಾ 20 ನಿಮಿಷಕ್ಕೆ ಏರಿಸಿ, ಸೂಕ್ಷ್ಮತೆಯನ್ನು ಪೂರ್ತಿ ಕೊಡಿ. ಇದರ ಬದಲು ಮೈಕ್ರೋವೇವ್ ಸೆನ್ಸರ್ ಹಾಕಿಸಿ ಎಂದು ಯಾರಾದರೂ ಹೇಳಬಹುದು. ಅದು ಶಾಖವನ್ನು ಅವಲಂಬಿಸದೆ, ಅಲೆಯನ್ನು ಹೊರಡಿಸಿ ಮರಳಿ ಬರುವ ಅಲೆಯ ಬದಲಾವಣೆಯಿಂದ ಚಲನೆಯನ್ನು ಅರಿಯುವುದರಿಂದ ಬೇಸಿಗೆಯಲ್ಲೂ ಕೆಲಸ ಮಾಡುತ್ತದೆ. ಆದರೆ ನಿಮ್ಮ ಕೊಠಡಿಯಲ್ಲಿ ಸೀಲಿಂಗ್ ಫ್ಯಾನುಗಳು ಇಡೀ ದಿನ ತಿರುಗುತ್ತಿರುತ್ತವೆ. ಅದು ಫ್ಯಾನಿನ ರೆಕ್ಕೆಯನ್ನೇ ಮನುಷ್ಯನೆಂದು ಭಾವಿಸಿ ದೀಪವನ್ನು ಆರಿಸದೇ ಇರಬಹುದು. ತೆಳುವಾದ ಪಾರ್ಟಿಷನ್, ಗಾಜು ದಾಟಿ ಪಕ್ಕದ ಕೊಠಡಿಯ ಓಡಾಟವನ್ನೂ ಅದು ಗ್ರಹಿಸುತ್ತದೆ. ಪಿಐಆರ್‌ಗೆ ಇದಕ್ಕೆ ವಿರುದ್ಧವಾದ ಕೊರತೆಯಿದೆ. ಮಾಮೂಲಿ ಗಾಜಿನಾಚೆ ಕುಳಿತವರು ಅದಕ್ಕೆ ಕಾಣುವುದೇ ಇಲ್ಲ.

ನಿಜ ಹೇಳಬೇಕೆಂದರೆ, ಓದುವ ಕೊಠಡಿಗೆ ಮನುಷ್ಯರಿದ್ದಾರೆಯೇ ಎಂದು ನೋಡುವ ಸೆನ್ಸರ್ ಬೇಕೇ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮೇಜಿನ ಮೇಲೆ 300 ಲಕ್ಸಿಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಕಡಿಮೆಯಾಗದ ಬೆಳಕು ತಡೆಯಿಲ್ಲದೆ ಸಿಗುವುದು ಅಲ್ಲಿ ಓದುವ ಮಕ್ಕಳ ಹಕ್ಕು. ಕಿಟಕಿ ಪಕ್ಕದ ಸಾಲಿಗೆ ಬೇರೆ ಸ್ವಿಚ್ಚು, ಮುಚ್ಚುವ ವೇಳೆಗೆ ಒಂದು ಟೈಮರು, ಇಷ್ಟಿದ್ದರೆ ಸಾಕು. ಸೆನ್ಸರುಗಳನ್ನು ಅಲ್ಲಿಂದ ತೆಗೆದು ಮೆಟ್ಟಿಲು, ಶೌಚಾಲಯ, ಹಳೆಯ ಪತ್ರಿಕೆ ಇಡುವ ಕೋಣೆಗಳಿಗೆ ಹಾಕಿಸಿ.

ಪ್ರಶ್ನೆ: ನಾಲ್ಕು ಮಹಡಿಯ ಜವಳಿ ಅಂಗಡಿ ಕಟ್ಟಿಸುತ್ತಿದ್ದೇನೆ. ದೀಪಗಳಿಗೆ ಎರಡು ಕೊಟೇಶನ್ ಬಂದಿವೆ. ಒಂದರಲ್ಲಿ 'ಡಾಲಿ' ಎಂದು ತಂತಿಯ ವ್ಯವಸ್ಥೆ, ಇನ್ನೊಂದರಲ್ಲಿ ತಂತಿಯಿಲ್ಲದ, ಮೊಬೈಲಿನಿಂದ ನಡೆಸುವ ವ್ಯವಸ್ಥೆ. ಯಾವುದು ಒಳ್ಳೆಯದು?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಕಟ್ಟಡ ಇನ್ನೂ ಕಟ್ಟುವ ಹಂತದಲ್ಲಿದೆ ಎಂದಾದರೆ ನನ್ನ ಒಲವು ತಂತಿಯ ಕಡೆಗೆ. ಡಾಲಿ ಯಾವುದೋ ಒಂದು ಕಂಪನಿಯ ಸರಕಲ್ಲ, ಐಇಸಿ 62386 ಎಂಬ ಅಂತಾರಾಷ್ಟ್ರೀಯ ಮಾನದಂಡ. ಕರೆಂಟಿನ ತಂತಿಗಳ ಜೊತೆಗೆ ಎರಡು ತಂತಿ ಹೆಚ್ಚಾಗಿ ಎಳೆದರೆ, ಒಂದು ಲೈನಿನಲ್ಲಿ 64 ಡ್ರೈವರುಗಳವರೆಗೆ (ಡ್ರೈವರ್ ಎಂದರೆ ಎಲ್ಇಡಿ ದೀಪಕ್ಕೆ ಹದವಾಗಿ ಕರೆಂಟು ಒದಗಿಸುವ ಸಾಧನ) ಒಂದೊಂದಕ್ಕೂ ಪ್ರತ್ಯೇಕ ವಿಳಾಸ ಕೊಟ್ಟು ನಿಯಂತ್ರಿಸಬಹುದು. 1.5 ಚದರ ಮಿಲಿಮೀಟರ್ ತಂತಿಯಲ್ಲಿ 300 ಮೀಟರಿನವರೆಗೆ ಹೋಗಬಹುದು; ಆ ಎರಡು ತಂತಿಗಳನ್ನು ಅದಲುಬದಲಾಗಿ ಜೋಡಿಸಿದರೂ ತೊಂದರೆಯಿಲ್ಲ. ನಾಳೆ ಒಂದು ಕಂಪನಿ ಬಾಗಿಲು ಮುಚ್ಚಿದರೆ ಇನ್ನೊಂದರ ಡ್ರೈವರ್ ತಂದು ಹಾಕಬಹುದು.

ತಂತಿಯಿಲ್ಲದ ವ್ಯವಸ್ಥೆಯಲ್ಲಿ, ಅದು ಜಿಗ್‌ಬೀ ಇರಲಿ, ಬ್ಲೂಟೂತ್ ಮೆಶ್ ಇರಲಿ, ಒಂದು ದೀಪ ತನಗೆ ಬಂದ ಆದೇಶವನ್ನು ಪಕ್ಕದ ದೀಪಕ್ಕೆ ದಾಟಿಸುತ್ತದೆ. ಫಾಲ್ಸ್ ಸೀಲಿಂಗ್ ಒಡೆಯಲು ಮನಸ್ಸಿಲ್ಲದ ಹಳೆಯ ಅಂಗಡಿಗಳಿಗೆ ಇದು ನಿಜಕ್ಕೂ ಉಪಕಾರಿ. ಆದರೆ ರಾತ್ರಿ ಬಾಗಿಲು ಹಾಕುವಾಗ ಕೆಲಸದವರು ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚು ಆರಿಸಿದರೆ ಆ ದೀಪಗಳು ಸರಪಳಿಯಿಂದ ಕಳಚಿಕೊಳ್ಳುತ್ತವೆ, ಅವುಗಳಾಚೆಯ ದೀಪಗಳಿಗೂ ಆದೇಶ ತಲುಪದೇ ಹೋಗಬಹುದು. ಸೀರೆಯ ಕಬ್ಬಿಣದ ರ‍್ಯಾಕುಗಳು, ಕಾಂಕ್ರೀಟ್ ಸ್ಲ್ಯಾಬುಗಳು ಸಂಕೇತವನ್ನು ಕುಗ್ಗಿಸುತ್ತವೆ. ಅಂಗಡಿಯ ವೈಫೈ ಕೂಡ ಬಹುತೇಕ ಇದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಓಡುತ್ತಿರುತ್ತದೆ.

ಯಾವುದನ್ನು ಆರಿಸಿದರೂ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕಾದ ಮಾತುಗಳಿವೆ. ಇಂಟರ್ನೆಟ್ ಹೋದಾಗ ದೀಪಗಳು ಗೋಡೆಯ ಸ್ವಿಚ್ಚಿನಿಂದಲೇ ಹತ್ತಬೇಕು, ಆರಬೇಕು. ಯಾವ ವಿಳಾಸದ ದೀಪ ಯಾವ ಮಹಡಿಯಲ್ಲಿದೆ ಎಂಬ ಪಟ್ಟಿ, ಸೆಟ್ಟಿಂಗುಗಳ ಕಡತ, ಪಾಸ್‌ವರ್ಡು ಇವೆಲ್ಲ ನಿಮ್ಮ ಕೈಯಲ್ಲಿರಬೇಕು. ಅವು ಗುತ್ತಿಗೆದಾರನ ಲ್ಯಾಪ್‌ಟಾಪಿನಲ್ಲಷ್ಟೇ ಉಳಿದರೆ, ದಸರೆಗೋ ದೀಪಾವಳಿಗೋ ಅಂಗಡಿಯನ್ನು ತಡರಾತ್ರಿಯವರೆಗೆ ತೆರೆಯಬೇಕೆಂದಾಗ ವೇಳಾಪಟ್ಟಿ ಬದಲಿಸಲು ಅವನನ್ನೇ ಕಾಯಬೇಕಾಗುತ್ತದೆ. ಕರೆಂಟು ಹೋಗಿ ಬಂದಾಗ ದೀಪ ಎಷ್ಟು ಬೆಳಕಿನಲ್ಲಿ ಮರಳಬೇಕೆಂಬುದನ್ನೂ ನಿಗದಿ ಮಾಡಿಸಿ. ಡಾಲಿಯಲ್ಲಿ ಇದಕ್ಕೆ ಪ್ರತ್ಯೇಕ ಸೆಟ್ಟಿಂಗ್ ಇದೆ; ಮುಟ್ಟದೇ ಬಿಟ್ಟರೆ ಎಲ್ಲ ದೀಪಗಳೂ ಪೂರ್ತಿ ಬೆಳಕಿಗೆ ಬರುತ್ತವೆ, ಅಂದರೆ ಮಧ್ಯರಾತ್ರಿ ಕರೆಂಟು ಬಂದರೆ ನಾಲ್ಕೂ ಮಹಡಿ ಬೆಳಗಿನವರೆಗೆ ಉರಿಯಬಹುದು. ಜೊತೆಗೆ ನೂರಾರು ಡ್ರೈವರುಗಳು ಒಮ್ಮೆಲೇ ಚಾಲೂ ಆದಾಗ ಕ್ಷಣಮಾತ್ರ ಭಾರಿ ಕರೆಂಟು ಎಳೆದು ಎಂಸಿಬಿ ಬೀಳುತ್ತದೆ. ಒಂದು ಎಂಸಿಬಿಗೆ ಎಷ್ಟು ಡ್ರೈವರು ಎಂಬುದನ್ನು ಡ್ರೈವರಿನ ಕೈಪಿಡಿ ನೋಡಿಯೇ ಹಂಚಿಸಬೇಕು.

ದೀಪದ ಜಾಲವನ್ನು ಬಿಲ್ಲಿಂಗ್ ಕಂಪ್ಯೂಟರುಗಳ ಜಾಲದಿಂದ ಬೇರೆಯಾಗಿ ಇಡಿಸಿ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. 2016ರಲ್ಲಿ ಸಂಶೋಧಕರು ಡ್ರೋನಿನಲ್ಲಿ ಉಪಕರಣ ಹಾರಿಸಿ, ಕಟ್ಟಡದ ಹೊರಗಿನಿಂದಲೇ ಒಳಗಿನ ಜಿಗ್‌ಬೀ ದೀಪಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡು ಮಿಟುಕಿಸಿ ತೋರಿಸಿದ್ದರು. ಆ ದೋಷವನ್ನು ತಯಾರಕರು ಸರಿಪಡಿಸಿದರು. ಆದರೆ ದೀಪದೊಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಕಾಲಕಾಲಕ್ಕೆ ಹೊಸದು ಮಾಡುವ ಹೊಣೆ ಯಾರದು ಎಂದು ಮೊದಲೇ ಕೇಳಬೇಕಾದದ್ದು ಇಂಥ ಕಾರಣಕ್ಕಾಗಿಯೇ.

ಇನ್ನೊಂದು ಮಾತು. ಗಿರಾಕಿಗಳು ಸೀರೆಯ ಬಣ್ಣ ಹೊಂದಿಸಿ ನೋಡುವ ಕೌಂಟರುಗಳ ಮೇಲೆ ಜನ ನೋಡಿ ಮಂಕಾಗುವ ದೀಪ ಬೇಡ. ಅಲ್ಲಿ ಬೇಕಾದದ್ದು ಬಣ್ಣವನ್ನು ಸರಿಯಾಗಿ ತೋರಿಸುವ, ಬಣ್ಣದ ನಿಖರತೆಯ ಅಳತೆಯಾದ ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚಿರುವ ದೀಪ. ಸೆನ್ಸರಿನ ಉಳಿತಾಯವೆಲ್ಲ ಟ್ರಯಲ್ ರೂಮು, ಸ್ಟಾಕ್ ರೂಮು, ಹಿಂದಿನ ಮೆಟ್ಟಿಲುಗಳಲ್ಲಿದೆ.

ಪ್ರಶ್ನೆ: ನಮ್ಮ ರೈಸ್ ಮಿಲ್ಲಿಗೆ ಇಂಥ ಸೆನ್ಸರ್ ದೀಪ ಹಾಕಿಸಬಹುದೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಯಂತ್ರಗಳು ಓಡುವ ಜಾಗದಲ್ಲಿ ಖಂಡಿತ ಬೇಡ. ಬೆಲ್ಟು, ಎಲಿವೇಟರು, ಪಾಲಿಷರ್‌ಗಳ ಬಳಿ ಕೆಲಸಗಾರನೊಬ್ಬ ಬಗ್ಗಿ ಕೈ ಹಾಕಿರುವಾಗ ದೀಪ ತಾನಾಗಿ ಆರುವುದು ಜೀವಕ್ಕೆ ಅಪಾಯ. ಅಲ್ಲಿಯ ಎಲ್ಇಡಿಗಳ ಡ್ರೈವರು ಕಳಪೆಯಾಗಿದ್ದರೆ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ, ತಿರುಗುವ ಚಕ್ರ ನಿಂತಂತೆ ಕಂಡು ಮೋಸಹೋಗುವ ಸಂಭವವಿದೆ; ಆದ್ದರಿಂದ ಮಿಟುಕದ ಡ್ರೈವರನ್ನೇ ಕೇಳಿ ಪಡೆಯಿರಿ. ತೌಡಿನ ದೂಳು ಮಸೂರದ ಮೇಲೆ ಕೂತರೆ ಸೆನ್ಸರು ಕುರುಡಾಗುತ್ತದೆ, ಆ ದೂಳಿಗೆ ಬೆಂಕಿ ಹೊತ್ತುವ ಗುಣವೂ ಇದೆ. ದೀಪ, ಸೆನ್ಸರು ಎರಡೂ ದೂಳು, ನೀರು ಒಳನುಗ್ಗದ ಐಪಿ65 ದರ್ಜೆಯವಿರಲಿ. ತಗಡಿನ ಚಾವಣಿಯಡಿ ಡ್ರೈವರನ್ನು ತೂಗುಹಾಕಬೇಡಿ. ಅದರೊಳಗಿನ ಕೆಪಾಸಿಟರಿನ ಆಯುಸ್ಸು ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆ. ಗೋದಾಮಿನ ಸಾಲುಗಳು, ವೇಬ್ರಿಡ್ಜಿನ ಬಳಿ, ಅಂಗಳ, ಕಚೇರಿ ಇಲ್ಲೆಲ್ಲ ಹಾಕಿಸಬಹುದು. ಭತ್ತದ ಚೀಲಗಳ ಲಾಟು ಎತ್ತರಕ್ಕೆ ಏರಿದಾಗ ಸೆನ್ಸರಿಗೆ ಮರೆಯಾಗುವುದರಿಂದ ಗೋದಾಮಿನಲ್ಲಿ ಸಾಲು ಸಾಲಿಗೆ ಒಂದೊಂದು ಬೇಕಾಗುತ್ತದೆ.

ಪ್ರಶ್ನೆ: ನಾನು ಖಾಸಗಿ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಪ್ರತಿ ಮೇಜಿನ ಮೇಲೂ ಸೆನ್ಸರ್ ದೀಪ ಹಾಕಿದ್ದಾರೆ. ನಾವು ಎಷ್ಟು ಹೊತ್ತು ಕುರ್ಚಿಯಲ್ಲಿ ಇರುತ್ತೇವೆಂದು ಇದರಿಂದ ಮೇಲಿನವರಿಗೆ ತಿಳಿಯುತ್ತದೆಯೇ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಪಿಐಆರ್ ಸೆನ್ಸರಿಗೆ ಚಿತ್ರ ತೆಗೆಯುವ, ಮಾತು ಕೇಳುವ ಶಕ್ತಿಯಿಲ್ಲ. ಜಾಲಕ್ಕೆ ಸೇರದ ಬಿಡಿ ಸೆನ್ಸರಾದರೆ ಅದು ಏನನ್ನೂ ನೆನಪಿಟ್ಟುಕೊಳ್ಳುವುದೂ ಇಲ್ಲ. ಜಾಲಕ್ಕೆ ಸೇರಿದ್ದರೆ ಮಾತ್ರ, ಯಾವ ದೀಪದ ಕೆಳಗೆ ಯಾವಾಗ ಚಲನೆ ಇತ್ತು ಎಂಬ ದಾಖಲೆ ಉಳಿಯಬಹುದು. ಮೇಜು ಒಬ್ಬರಿಗೇ ಮೀಸಲಾಗಿದ್ದರೆ ಆ ದಾಖಲೆ ಆ ವ್ಯಕ್ತಿಯದೇ ಆಗುತ್ತದೆ. ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಯಾವ ಮಾಹಿತಿ, ಎಷ್ಟು ದಿನ, ಯಾರ ಬಳಿ ಇರುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಒಂದೊಂದು ಮೇಜಿನ ದಾಖಲೆ ಇಡದೆ ಇಡೀ ಹಾಲಿನ ಒಟ್ಟು ಲೆಕ್ಕ ಇಟ್ಟರೂ ದೀಪದ ಉಳಿತಾಯಕ್ಕೆ ಏನೂ ಕೊರತೆಯಾಗುವುದಿಲ್ಲ. ನೌಕರರ ಹಾಜರಾತಿಯನ್ನು ದೀಪದಿಂದ ಅಳೆಯುವುದು ತಪ್ಪೆಂದೇ ನಾನು ಹೇಳುತ್ತೇನೆ. ಮೊದಲ ಪತ್ರದಲ್ಲಿ ಕಂಡಂತೆ ಸುಮ್ಮನೆ ಕುಳಿತು ಮನಸ್ಸಿಟ್ಟು ಕೆಲಸ ಮಾಡುವವನೇ ಅದಕ್ಕೆ ಕಾಣದೆ ಹೋಗುತ್ತಾನೆ.

ಪ್ರಶ್ನೆ: ನನ್ನದೊಂದು ಲಾಡ್ಜ್ ಇದೆ. ಇದನ್ನು ಹಾಕಿಸುವುದು ಕಾನೂನಿನಲ್ಲಿ ಕಡ್ಡಾಯವೇ? ನಿಜಕ್ಕೂ ಎಷ್ಟು ಉಳಿಯುತ್ತದೆ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ 2017ರ ಆವೃತ್ತಿ ಅನ್ವಯಿಸುವುದು 100 ಕಿಲೋವ್ಯಾಟ್ ಸಂಪರ್ಕಿತ ಹೊರೆ ಅಥವಾ 120 ಕೆವಿಎ ಒಪ್ಪಂದದ ಬೇಡಿಕೆ ಮುಟ್ಟುವ ವಾಣಿಜ್ಯ ಕಟ್ಟಡಗಳಿಗೆ. ಜೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮಂಜೂರಾದ ಹೊರೆ ನೋಡಿಕೊಳ್ಳಿ. ಚಿಕ್ಕ ಲಾಡ್ಜು ಸಾಮಾನ್ಯವಾಗಿ ಈ ಮಿತಿಯೊಳಗೆ ಬರುವುದಿಲ್ಲ.

ಉಳಿತಾಯದ ಲೆಕ್ಕವನ್ನು ನೀವೇ ಹಾಕಬಹುದು. ಕಾರಿಡಾರಿನಲ್ಲಿ 18 ವ್ಯಾಟಿನ 20 ದೀಪಗಳು ರಾತ್ರಿ 12 ತಾಸು ಉರಿದರೆ ತಿಂಗಳಿಗೆ ಸುಮಾರು 130 ಯೂನಿಟ್. ಜನ ಓಡಾಡುವ 3 ತಾಸು ಪೂರ್ತಿ ಬೆಳಕು, ಉಳಿದ 9 ತಾಸು ಶೇ. 20ರಷ್ಟು ಮಂದ ಬೆಳಕು ಎಂದಿಟ್ಟುಕೊಂಡರೆ ಅದು ಸುಮಾರು 52 ಯೂನಿಟ್ಟಿಗೆ ಇಳಿಯುತ್ತದೆ. ಜಾಲದಲ್ಲಿರುವ ದೀಪ ಆರಿದ್ದಾಗಲೂ ಆದೇಶಕ್ಕಾಗಿ ಕಾಯುತ್ತಾ ಕರೆಂಟು ತಿನ್ನುತ್ತದೆ. ಒಂದಕ್ಕೆ ಅರ್ಧ ವ್ಯಾಟ್ ಹಿಡಿದರೂ 20 ದೀಪಕ್ಕೆ ತಿಂಗಳಿಗೆ 7 ಯೂನಿಟ್ ಕಳೆಯಬೇಕು. ಕೊನೆಗೆ 70 ಯೂನಿಟ್ಟಿನಷ್ಟು ಉಳಿಯುತ್ತದೆ. ಇದೇ ದೀಪವನ್ನು ದಿನಕ್ಕೆ ಒಂದು ತಾಸು ಮಾತ್ರ ಬಳಸುವ ಸಾಮಾನಿನ ಕೋಣೆಗೆ ಹಾಕಿದರೆ ಲೆಕ್ಕ ತಿರುಗುತ್ತದೆ: ದೀಪ ಉರಿಸುವುದು ತಿಂಗಳಿಗೆ 0.54 ಯೂನಿಟ್, ಕಾಯುವುದಕ್ಕೇ 0.36 ಯೂನಿಟ್. ಅಲ್ಲಿ ಮಾಮೂಲಿ ಸ್ವಿಚ್ಚೇ ಇರಲಿ. ಕಾರಿಡಾರನ್ನು ಪೂರ್ತಿ ಕತ್ತಲು ಮಾಡಬೇಡಿ, ಬೆಂಕಿ ಅವಘಡದಲ್ಲಿ ದಾರಿ ತೋರುವ ತುರ್ತು ದೀಪಗಳನ್ನು ಸೆನ್ಸರಿಗೆ ಜೋಡಿಸಲೇಬೇಡಿ.

ಗುತ್ತಿಗೆದಾರ ಹೇಳುವ ಶೇಕಡಾವಾರನ್ನು ಇಡೀ ಕಟ್ಟಡದ ಬಿಲ್ಲಿನ ಜೊತೆ ಹೋಲಿಸಿದರೆ ಏನೂ ತಿಳಿಯದು, ಏಕೆಂದರೆ ಮೇ ತಿಂಗಳ ಎ.ಸಿ. ಬಳಕೆ ದೀಪದ ಉಳಿತಾಯವನ್ನು ಮುಚ್ಚಿಹಾಕುತ್ತದೆ. ಕಾರಿಡಾರಿನ ದೀಪಗಳ ಲೈನಿಗೆ ಮಾತ್ರ ಒಂದು ಸಬ್‌ಮೀಟರ್ ಹಾಕಿಸಿ, ಒಂದು ವಾರ ಸೆನ್ಸರನ್ನು ಬದಿಗಿಟ್ಟು, ಮರುವಾರ ಅದನ್ನು ಚಾಲೂ ಮಾಡಿ ರೀಡಿಂಗ್ ಬರೆದಿಡಿ. ಕೊನೆಯ ಕಂತಿನ ಹಣವನ್ನು ಆ ರೀಡಿಂಗ್ ನೋಡಿದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ.